ಕುಡಿದವರು ಅವರು, ವಿಮೆ ನಮ್ಮದು

ನಮ್ಮ ಹೋಟೆಲ್‌ನಲ್ಲಿ ಬಿಯರ್, ವೈನ್ ಇಡಬೇಕು ಅಂತ ತೀರ್ಮಾನ ಆಗಿದ್ದು ಗಲ್ಲಾದ ಲೆಕ್ಕ ನೋಡಿ. ಷಿಕಾಗೋದ ಪಶ್ಚಿಮಕ್ಕೆ, ನೇಪರ್‌ವಿಲ್, ಅರೋರಾ ಕಡೆ ಇಂಡಿಯನ್ ಹೋಟೆಲ್‌ಗಳಿಗೆ ಬರವಿಲ್ಲ. ನಮ್ಮದು ಕರಾವಳಿ ಊಟ. ಕೋರಿ ರೊಟ್ಟಿ, ಚಿಕನ್ ಘೀ ರೋಸ್ಟ್, ಅಂಜಲ್ ತವಾ ಫ್ರೈ. ಇಷ್ಟು ಖಾರದ ಊಟಕ್ಕೆ ಕೂತವರು ಮೊದಲು ಕೇಳುತ್ತಿದ್ದದ್ದೇ "ಬಿಯರ್ ಯಾವುದಿದೆ?" ಅಂತ. ಇಲ್ಲ ಅಂದರೆ ಕೆಲವರು ಮೆನು ಮಡಚಿಟ್ಟು ಎದ್ದು ಹೋಗುತ್ತಿದ್ದರು. ತುಪ್ಪ, ಮೀನು, ಸಂಬಳ, ಬಾಡಿಗೆ ಎಲ್ಲ ಕಳೆದರೆ ಊಟದಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಬಾಟಲಿಯಲ್ಲಿ ಉಳಿಯುವುದೇ ಬೇರೆ.

ನನ್ನ ಪಾರ್ಟ್‌ನರ್ ಕುಂದಾಪುರದವರು. ಎಲ್ಲರಿಗೂ ಅವರು ಶೆಟ್ರು. ಅಡುಗೆಮನೆ ಅವರದು, ಕಾಗದ-ಪತ್ರ ನನ್ನದು. ಅವರ ಭಾವ ಊರಲ್ಲಿ ಸಿಎಲ್-9 ಲೈಸೆನ್ಸ್ ಇಟ್ಟುಕೊಂಡು ಬಾರ್ ಅಂಡ್ ರೆಸ್ಟೋರೆಂಟ್ ನಡೆಸುತ್ತಾರೆ. ಹಾಗಾಗಿ ಶೆಟ್ರಿಗೆ ಈ ವ್ಯಾಪಾರದ ಬಗ್ಗೆ ಒಂದು ಧೈರ್ಯ. "ಲೈಸೆನ್ಸ್ ಕೈಗೆ ಬಂದ್ರೆ ಮುಗೀತು ಮಾರಾಯ್ರೆ, ಆಮೇಲೆ ಎಂತದೂ ಇಲ್ಲ" ಅಂದಿದ್ದರು.

ಇಲಿನಾಯ್‌ನಲ್ಲಿ ಮೊದಲು ಊರಿನ ಲೈಸೆನ್ಸ್, ಅದು ಸಿಕ್ಕ ಮೇಲೆ ರಾಜ್ಯದ್ದು. ಊರಿನ ಮೇಯರೇ ಅಲ್ಲಿಯ ಮದ್ಯ ಕಮಿಷನರ್. ಅರ್ಜಿಯ ಜೊತೆ ಏನೇನು ಬೇಕು ಅಂತ ಕೌಂಟರಿನಲ್ಲಿ ಒಂದು ಪಟ್ಟಿ ಕೊಟ್ಟರು. ಬಾಡಿಗೆ ಕರಾರು, ಒಳಾಂಗಣದ ನಕ್ಷೆ, ಮೆನು, ನಮ್ಮಿಬ್ಬರ ಬೆರಳಚ್ಚು, ನೌಕರರ ತರಬೇತಿ ಕಾರ್ಡು. ಕೊನೆಗೆ ದಪ್ಪ ಅಕ್ಷರದಲ್ಲಿ: ಡ್ರಾಮ್ ಶಾಪ್ ಇನ್ಶೂರೆನ್ಸ್, ಅಂದರೆ ಮದ್ಯ ಮಾರುವವರ ಹೊಣೆಗೆ ಇರುವ ವಿಮೆಯ ಸರ್ಟಿಫಿಕೇಟ್. ಇದಿಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

"ನಮ್ಮ ಹತ್ರ ಇನ್ಶೂರೆನ್ಸ್ ಉಂಟಲ್ಲ?" ಅಂದರು ಶೆಟ್ರು. ಇತ್ತು. ಯಾರಾದರೂ ಒದ್ದೆ ನೆಲದಲ್ಲಿ ಜಾರಿ ಬಿದ್ದರೆ, ಬಿಸಿ ಸಾರು ಮೈಮೇಲೆ ಚೆಲ್ಲಿದರೆ ಕೊಡುವ ಜನರಲ್ ಲಯಬಿಲಿಟಿ ಪಾಲಿಸಿ. ಅದರಲ್ಲೇ ಒಂದು ಕಡೆ ಬರೆದಿರುತ್ತದೆ: ಮದ್ಯ ತಯಾರಿಸುವ, ಮಾರುವ, ಬಡಿಸುವ ವ್ಯಾಪಾರದಲ್ಲಿ ನೀವಿದ್ದರೆ, ಒಬ್ಬನಿಗೆ ಅಮಲೇರಿಸಿದ ಕಾರಣಕ್ಕೆ ಬರುವ ಹೊಣೆ ನಮ್ಮದಲ್ಲ. ಅಲ್ಲಿಯವರೆಗೆ ನಮ್ಮಲ್ಲಿ ಗಿರಾಕಿಗಳೇ ವೈನ್ ಬಾಟಲಿ ತಂದು ಕುಡಿಯುತ್ತಿದ್ದರು. ಅದಕ್ಕೆ ತೊಂದರೆ ಇರಲಿಲ್ಲ. ಹೊರಗಿನಿಂದ ತಂದು ಕುಡಿಯಲು ಬಿಟ್ಟಮಾತ್ರಕ್ಕೆ ಮದ್ಯದ ವ್ಯಾಪಾರ ಅನ್ನಿಸಿಕೊಳ್ಳುವುದಿಲ್ಲ ಅಂತ 2013ರಿಂದ ಬಂದ ಪಾಲಿಸಿ ನಮೂನೆಯಲ್ಲೇ ಇದೆ. ನಾವೇ ಒಂದು ಬಾಟಲಿ ಮಾರಿದ ದಿನ ಮಾತ್ರ ಆ ಬಾಗಿಲು ಮುಚ್ಚಿತು. ಆಮೇಲೆ ಮದ್ಯದ ಹೊಣೆಗೇ ಅಂತ ಬೇರೆ ಪಾಲಿಸಿ ಬೇಕು.

ಇಲ್ಲಿಯ ಕಾನೂನನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಇಲಿನಾಯ್‌ನ ಡ್ರಾಮ್ ಶಾಪ್ ಕಾನೂನು 1872ರಷ್ಟು ಹಳೆಯದು. ನಮ್ಮಲ್ಲಿ ಕುಡಿದು ಅಮಲೇರಿದವನು ಹೊರಗೆ ಹೋಗಿ ಯಾರಿಗಾದರೂ ಗುದ್ದಿದರೆ, ಕಾರಿನಲ್ಲೋ ಕೈಯಲ್ಲೋ, ಏಟು ತಿಂದವರು ನಮ್ಮ ಮೇಲೆ ಪರಿಹಾರಕ್ಕೆ ಕೇಸು ಹಾಕಬಹುದು. ಏಟು ತಿಂದವರ ದುಡಿಮೆ ನಂಬಿದ ಮನೆಯವರೂ ಹಾಕಬಹುದು. ಕುಡಿದವನಿಗೆ ಮಾತ್ರ ಆ ಹಕ್ಕಿಲ್ಲ, ಅವನನ್ನು ನಂಬಿದವರಿಗೂ ಇಲ್ಲ.

ಎಡವಟ್ಟು ಇರುವುದು ಇಲ್ಲಿ. ಪಕ್ಕದ ಇಂಡಿಯಾನಾದಲ್ಲಿ, ಆತ ಕಣ್ಣಿಗೆ ಕಾಣುವಷ್ಟು ಅಮಲಿನಲ್ಲಿದ್ದ, ಅದು ಗೊತ್ತಿದ್ದೂ ಬಡಿಸಿದರು ಅಂತ ತೋರಿಸಬೇಕು. ಉತ್ತರಕ್ಕೆ ಗಡಿ ದಾಟಿ ವಿಸ್ಕಾನ್ಸಿನ್‌ಗೆ ಹೋದರೆ, ವಯಸ್ಕರಿಗೆ ಬಡಿಸಿದ ಬಾರಿಗೆ ಹೆಚ್ಚುಕಡಿಮೆ ಪೂರ್ತಿ ರಕ್ಷಣೆ. ಇಲಿನಾಯ್‌ನಲ್ಲಿ "ನಮಗೆ ಗೊತ್ತೇ ಆಗ್ಲಿಲ್ಲ, ಸರಿಯಾಗೇ ಇದ್ದ" ಅನ್ನುವ ಮಾತಿಗೆ ಬೆಲೆ ಇಲ್ಲ. ಅಮಲೇರಲು ನಮ್ಮ ಮದ್ಯದ ಪಾಲು ತಕ್ಕಮಟ್ಟಿಗೆ ಇತ್ತು ಅಂತಾದರೆ ಸಾಕು, ನಮ್ಮ ತಪ್ಪು ಏನು ಅಂತ ಯಾರೂ ಕೇಳುವುದಿಲ್ಲ. ಅದಕ್ಕೆ ಬದಲಾಗಿ ಪರಿಹಾರಕ್ಕೆ ಒಂದು ಮಿತಿ ಇಟ್ಟಿದ್ದಾರೆ. 1998ರಲ್ಲಿ ಒಬ್ಬರ ಗಾಯಕ್ಕೆ ಅಥವಾ ಆಸ್ತಿಗೆ 45,000 ಡಾಲರ್, ಮನೆಯವರ ಆಸರೆ ತಪ್ಪಿದ್ದಕ್ಕೆ 55,000 ಡಾಲರ್ ಅಂತ ಇತ್ತು. 1999ರಿಂದ ಪ್ರತಿ ಜನವರಿ 20ಕ್ಕೆ ಬೆಲೆ ಸೂಚ್ಯಂಕ ನೋಡಿ ಅದನ್ನು ಬದಲಿಸುತ್ತಾರೆ. ಲೈಸೆನ್ಸ್ ಬೇಕಿದ್ದರೆ ಕನಿಷ್ಠ ಆ ಮಿತಿಯಷ್ಟಾದರೂ ವಿಮೆ ಇರಲೇಬೇಕು.

ಶೆಟ್ರು ಇದನ್ನು ಭಾವನಿಗೆ ಫೋನಿನಲ್ಲಿ ಹೇಳಿದರು. ಆ ಕಡೆಯಿಂದ ಬಂದ ನಗು ನನಗೂ ಕೇಳಿಸಿತು. "ಕುಡಿದವ ಅವ, ಹೊಡೆದವ ಅವ, ದುಡ್ಡು ಕೊಡುದು ನೀನಾ?"

ಏಜೆಂಟ್ ಕಳಿಸಿದ ಪ್ರಶ್ನಾವಳಿ ನೋಡಿದಾಗ ನನಗೆ ಈ ವಿಷಯದ ಆಳ ಗೊತ್ತಾಯಿತು. ವಿಮೆ ಅಂದರೆ ಹೆಸರು, ವಿಳಾಸ, ಸಹಿ ಅಂದುಕೊಂಡವರು ಇದನ್ನೊಮ್ಮೆ ಓದಬೇಕು. ರಾತ್ರಿ ಎಷ್ಟು ಗಂಟೆಗೆ ಮುಚ್ಚುತ್ತೀರಿ? ಅಡುಗೆಮನೆ ಮುಚ್ಚಿದ ಮೇಲೂ ಮದ್ಯ ಕೊಡುತ್ತೀರಾ? ಒಟ್ಟು ವ್ಯಾಪಾರದಲ್ಲಿ ಮದ್ಯದ ಪಾಲು ಶೇಕಡಾ ಎಷ್ಟು? ಡಿಜೆ ಇದೆಯೇ, ಕುಣಿಯಲು ಜಾಗ ಇದೆಯೇ, ಬಾಗಿಲಲ್ಲಿ ಬೌನ್ಸರ್ ನಿಲ್ಲಿಸುತ್ತೀರಾ? ಪೂಲ್ ಟೇಬಲ್ ಎಷ್ಟು? ಗುರುತಿನ ಚೀಟಿ ಹೇಗೆ ನೋಡುತ್ತೀರಿ? ಕಳೆದ ಐದು ವರ್ಷದಲ್ಲಿ ಪೊಲೀಸರು ಬಂದಿದ್ದಾರೆಯೇ? ಪಾರ್ಟಿಗಳಿಗೆ ಹಾಲ್ ಬಾಡಿಗೆಗೆ ಕೊಡುತ್ತೀರಾ?

ಒಂದೊಂದು ಉತ್ತರಕ್ಕೂ ನಾವಿಬ್ಬರು ಜಗಳ ಆಡಿದ್ದೇವೆ. ಶೆಟ್ರಿಗೆ ಶುಕ್ರವಾರ ರಾತ್ರಿ ಹನ್ನೆರಡರವರೆಗೆ ತೆರೆದಿಡುವ ಆಸೆ. ಆಗಾಗ ಒಂದು ಹಾಡಿನ ಸಂಜೆ, ಸ್ವಲ್ಪ ಕುಣಿತ. "ಒಂದು ಬಿಯರ್ ತಗೊಂಡ್ರೆ ಇನ್ನೊಂದು ಫ್ರೀ ಅಂತ ಬೋರ್ಡ್ ಹಾಕುವಾ" ಅನ್ನುವುದು ಅವರ ಇನ್ನೊಂದು ಐಡಿಯಾ. ಬೋರ್ಡಿನ ಮಾತು ಅಲ್ಲಿಗೇ ನಿಂತಿತು, ಯಾಕೆಂದರೆ ಅದು ಇಲಿನಾಯ್‌ನಲ್ಲಿ ಕಾನೂನಿಗೇ ವಿರುದ್ಧ. ಕೆಲವು ಗಂಟೆ ಮಾತ್ರ ದರ ಇಳಿಸಿ ಮಾರುವ ಹ್ಯಾಪಿ ಅವರ್ 2015ರಿಂದ ಮತ್ತೆ ಬಂದಿದೆ, ಆದರೆ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ 15 ಗಂಟೆಯ ಮಿತಿ ಇದೆ. ಹತ್ತು ಗಂಟೆಯ ನಂತರ ಇಲ್ಲ. ಒಂದಕ್ಕೊಂದು ಫ್ರೀ ಅಂತೂ ಇಲ್ಲವೇ ಇಲ್ಲ. ಹಾಡು-ಕುಣಿತದ ಬಗ್ಗೆ ಏಜೆಂಟ್ ನೇರವಾಗಿ ಹೇಳಿದ: "ಕುಣಿಯಲು ಜಾಗ ಅಂತ ಬರೆದ ಕೂಡಲೇ ನೀವು ರೆಸ್ಟೋರೆಂಟ್ ಅಲ್ಲ, ನೈಟ್‌ಕ್ಲಬ್. ದರ ಬೇರೆ, ಕಂಪನಿ ಬೇರೆ, ಕೆಲವು ಕಂಪನಿ ಫೈಲು ತೆಗೆದು ನೋಡುವುದೂ ಇಲ್ಲ." ಕೊನೆಗೆ ಹತ್ತೂವರೆಗೆ ಕೊನೇ ಆರ್ಡರ್, ಹನ್ನೊಂದಕ್ಕೆ ಬಾಗಿಲು, ಸ್ಪೀಕರಿನಲ್ಲಿ ಮಾತ್ರ ಹಾಡು ಅಂತ ಬರೆದೆವು. ನಮ್ಮ ಹೋಟೆಲ್ ಎಂಥದ್ದು ಅಂತ ನಾವೇ ಸರಿಯಾಗಿ ಕೂತು ಮಾತಾಡಿದ್ದು ಆ ಫಾರ್ಮ್ ತುಂಬುವಾಗಲೇ.

ಫಾರ್ಮಿನಲ್ಲಿ ಸುಳ್ಳು ಬರೆದರೆ ಪ್ರೀಮಿಯಂ ಕಡಿಮೆ ಆಗುತ್ತದೆ, ನಿಜ. ಪಕ್ಕದ ಹೋಟೆಲಿನವರೊಬ್ಬರು ಹಾಗೇ ಸಲಹೆ ಕೊಟ್ಟರು. ಕ್ಲೇಮ್ ಬಂದ ದಿನ ಕಂಪನಿ ಮೊದಲು ತೆಗೆಯುವುದು ಅದೇ ಫಾರ್ಮನ್ನು, ಅದನ್ನು ಅವರು ಹೇಳಲಿಲ್ಲ.

ನಮ್ಮ ಮಾಮೂಲಿ ಕಂಪನಿ ಮದ್ಯದ ಪಾಲಿಸಿ ಕೊಡಲು ಒಪ್ಪಲಿಲ್ಲ. ಮದ್ಯ ಮಾರಿದ ಅನುಭವ ಇಲ್ಲ ಅಂತ ಕಾರಣ. ಏಜೆಂಟ್ ಸರ್‌ಪ್ಲಸ್ ಲೈನ್ಸ್ ಮಾರುಕಟ್ಟೆಗೆ ಹೋದ. ಸಾಮಾನ್ಯ ಕಂಪನಿಗಳು ಬೇಡ ಅಂದ ರಿಸ್ಕ್‌ಗಳನ್ನು ತೆಗೆದುಕೊಳ್ಳುವವರು ಅಲ್ಲಿರುತ್ತಾರೆ. ಅವರಿಂದ ಪಾಲಿಸಿ ತೆಗೆದುಕೊಂಡರೆ ಒಂದು ವಿಷಯ ನೆನಪಿರಬೇಕು. ಕಂಪನಿ ಮುಳುಗಿದರೆ ರಾಜ್ಯದ ಗ್ಯಾರಂಟಿ ನಿಧಿ ನೆರವಿಗೆ ಬರುವುದಿಲ್ಲ. ಅದಕ್ಕೇ ವಿಮಾ ಕಂಪನಿಗಳ ಆರ್ಥಿಕ ಬಲ ಅಳೆಯುವ ಎಎಂ ಬೆಸ್ಟ್ ಸಂಸ್ಥೆ ಕೊಡುವ ರೇಟಿಂಗ್ ನೋಡಿಕೊಂಡೆ.

ಎರಡು ಕೊಟೇಶನ್ ಬಂತು. ಎರಡರಲ್ಲೂ ಹತ್ತು ಲಕ್ಷ ಡಾಲರ್ ಮಿತಿ. ಎರಡನೆಯದರ ಪ್ರೀಮಿಯಂ ಮೊದಲನೆಯದಕ್ಕಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಶೆಟ್ರು ಒಂದನೆಯದರ ಮೇಲೆ ಬೆರಳಿಟ್ಟು, "ಇದಕ್ಕೆ ಸೈನ್ ಹಾಕಿ, ಸರ್ಟಿಫಿಕೇಟ್ ಸಿಕ್ತದಲ್ಲ" ಅಂದರು. ಸರ್ಟಿಫಿಕೇಟ್ ಸಿಗುತ್ತಿತ್ತು, ಊರಿನ ಕಚೇರಿಯೂ ಒಪ್ಪುತ್ತಿತ್ತು. ಆದರೆ ಸರ್ಟಿಫಿಕೇಟಿನಲ್ಲಿ ಕಾಣುವುದು ಮಿತಿ ಮಾತ್ರ. ಏನೇನು ಕೊಡುವುದಿಲ್ಲ ಅನ್ನುವುದು ಪಾಲಿಸಿಯ ಹಿಂದೆ ಹೊಲಿದ ಹಾಳೆಗಳಲ್ಲಿರುತ್ತದೆ. ಅಗ್ಗದ ಕೊಟೇಶನ್ನಿನ ಹಿಂದೆ 'ಅಸಾಲ್ಟ್ ಅಂಡ್ ಬ್ಯಾಟರಿ' ಹೊರಗಿಟ್ಟಿದ್ದೇವೆ ಅಂತ ಒಂದು ಹಾಳೆ. ಅಂದರೆ ಹೊಡೆದಾಟ, ತಳ್ಳಾಟ, ಬಾಟಲಿ ಎಸೆತ ಯಾವುದಕ್ಕೂ ಒಂದು ಪೈಸೆ ಇಲ್ಲ. ಹೊಡೆದಾಟ ತಡೆಯಲಿಲ್ಲ ಅಂತ ನಮ್ಮ ಮೇಲೆ ಬಂದ ದೂರಿಗೂ ಇಲ್ಲ.

ಇಲಿನಾಯ್ ಕಾನೂನು ಹೇಳುವುದು ಅಮಲಿನಲ್ಲಿದ್ದವನು ಯಾರಿಗಾದರೂ ಗಾಯ ಮಾಡಿದರೆ ಅಂತ. ಕುಡಿದವನ ಕೈಯಿಂದ ಗಾಯ ಆಗುವುದು ಒಂದು ಸ್ಟಿಯರಿಂಗ್ ಹಿಡಿದಾಗ, ಇಲ್ಲ ಮುಷ್ಟಿ ಹಿಡಿದಾಗ. ಎರಡನೆಯದನ್ನು ಪೂರ್ತಿ ಕಿತ್ತುಹಾಕಿದ ಪಾಲಿಸಿ ತೂತು ಬಿದ್ದ ಕೊಡೆ. ದುಬಾರಿ ಕೊಟೇಶನ್ನಿನಲ್ಲಿ ಹೊಡೆದಾಟಕ್ಕೆ ಪೂರ್ತಿ ಹತ್ತು ಲಕ್ಷ ಇರಲಿಲ್ಲ, ಒಂದು ಲಕ್ಷದ ಒಳಮಿತಿ ಇತ್ತು. ಆದರೂ ಇತ್ತು. ಇನ್ನೊಂದು ವ್ಯತ್ಯಾಸ ಲಾಯರ್ ಖರ್ಚಿನದು. ಅಗ್ಗದ್ದರಲ್ಲಿ ಲಾಯರಿಗೆ ಕೊಟ್ಟ ಒಂದೊಂದು ಡಾಲರೂ ಆ ಹತ್ತು ಲಕ್ಷದಿಂದಲೇ ಕಳೆಯುತ್ತಾ ಹೋಗುತ್ತದೆ. ದುಬಾರಿಯದರಲ್ಲಿ ಲಾಯರ್ ಖರ್ಚು ಮಿತಿಯ ಹೊರಗೆ.

ಹೊಣೆಗೆ ಕಾನೂನಿನ ಮಿತಿ ಇರುವಾಗ ಹತ್ತು ಲಕ್ಷ ಯಾಕೆ ಅಂತ ಶೆಟ್ರು ಕೇಳಿದ್ದು ಒಳ್ಳೆ ಪ್ರಶ್ನೆ. ಕಾನೂನಿನ ಮಿತಿ ಏಟು ತಿಂದ ಒಬ್ಬೊಬ್ಬರಿಗೆ. ಒಬ್ಬ ಕುಡುಕ ನಾಲ್ಕು ಜನ ಕೂತ ವ್ಯಾನಿಗೆ ಗುದ್ದಿದರೆ ನಾಲ್ಕು ಲೆಕ್ಕ, ಅವರ ಮನೆಯವರದು ಮತ್ತೆ ಬೇರೆ. ಪಾಲಿಸಿಗೆ ಇದೆಲ್ಲ ಸೇರಿ ಒಂದೇ ಘಟನೆ, ಒಂದೇ ಮಿತಿ. ಅದೂ ಅಲ್ಲದೆ ಹತ್ತು ಲಕ್ಷ ಕೇಳಿದ್ದು ಕಟ್ಟಡದ ಮಾಲೀಕರು. ಮದ್ಯ ಮಾರುತ್ತಾರೆ ಅಂತ ಗೊತ್ತಿದ್ದೂ ಜಾಗ ಬಾಡಿಗೆಗೆ ಕೊಟ್ಟವರನ್ನೂ ಈ ಕಾನೂನು ಹೊಣೆ ಮಾಡುತ್ತದೆ. ಅವರ ಲಾಯರ್ ಪತ್ರ ಬರೆದರು: ನಮ್ಮ ಪಾಲಿಸಿಯಲ್ಲಿ ಮಾಲೀಕರ ಹೆಸರೂ ಸೇರಬೇಕು, ಇಲ್ಲದಿದ್ದರೆ ಬಿಯರ್ ಮಾರಲು ಒಪ್ಪಿಗೆ ಇಲ್ಲ. ಇದಕ್ಕೆ ಬೇಜಾರು ಮಾಡಿಕೊಳ್ಳುವ ಹಾಗಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ದುಬಾರಿಯದಕ್ಕೇ ಸಹಿ ಹಾಕಿದೆವು. ಶೆಟ್ರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಆಮೇಲಿನದು ಓಡಾಟ. ಬಡಿಸುವವರೆಲ್ಲ ಬ್ಯಾಸೆಟ್ ತರಬೇತಿ ಮುಗಿಸಬೇಕು. ಹೊಸಬರು ಕೆಲಸಕ್ಕೆ ಸೇರಿ 120 ದಿನದೊಳಗೆ ಮಾಡಬೇಕು, ಕಾರ್ಡು ಮೂರು ವರ್ಷ ನಡೆಯುತ್ತದೆ. ಆನ್‌ಲೈನಿನಲ್ಲೇ ಆಗುವಂಥದ್ದು. ನಕಲಿ ಗುರುತಿನ ಚೀಟಿ ಹಿಡಿಯುವುದು, ಒಬ್ಬರಿಗೆ ಸಾಕು ಅಂತ ಮರ್ಯಾದೆಯಿಂದ ಹೇಳುವುದು, ಅಮಲಿನ ಲಕ್ಷಣಗಳು, ಇಂಥವು. ಮೊದಲ ಸರ್ಟಿಫಿಕೇಟನ್ನು ಊರಿನ ಕಚೇರಿ ವಾಪಸ್ ಕಳಿಸಿತು. ಏಜೆಂಟ್ ಹೋಟೆಲಿನ ಬೋರ್ಡಿನ ಮೇಲಿನ ಹೆಸರು ಹಾಕಿದ್ದ, ಅರ್ಜಿಯಲ್ಲಿ ಇದ್ದದ್ದು ನಮ್ಮ ಎಲ್‌ಎಲ್‌ಸಿ, ಅಂದರೆ ನಾವು ನೋಂದಾಯಿಸಿದ ಕಂಪನಿಯ ಹೆಸರು. ಎರಡೂ ಒಂದೇ ಅಂತ ಕೌಂಟರಿನಲ್ಲಿ ಹೇಳಿ ಪ್ರಯೋಜನ ಇಲ್ಲ. ಹೆಸರು ಅಕ್ಷರಕ್ಕಕ್ಷರ ಕೂಡಬೇಕು. ಅದು ಸರಿ ಆಗಿ ಊರಿನದು ಬಂತು, ರಾಜ್ಯದ್ದೂ ಬಂತು, ಫ್ರಿಜ್ಜಿನಲ್ಲಿ ಕಿಂಗ್‌ಫಿಷರ್ ಬಂತು.

ಮೊದಲ ವರ್ಷದಲ್ಲೇ ಪಾಲಿಸಿಯ ಕೆಲಸ ಬಿತ್ತು. ಒಂದು ಶನಿವಾರ ಹುಟ್ಟುಹಬ್ಬದ ಗುಂಪು. ಅದರಲ್ಲಿ ಒಬ್ಬರು ಬರುವಾಗಲೇ ಎಲ್ಲೋ ಒಂದಿಷ್ಟು ಹಾಕಿಕೊಂಡು ಬಂದಿದ್ದರು. ನಮ್ಮಲ್ಲಿ ಮೂರು ಬಿಯರ್ ಆಗಿತ್ತು. ನಾಲ್ಕನೆಯದು ಕೇಳಿದಾಗ ಬಡಿಸುತ್ತಿದ್ದ ಹುಡುಗಿ, ಇಲ್ಲೇ ಓದುತ್ತಿರುವ ಹಾಸನದವಳು, "ಸರ್, ಈಗ ನೀರು ಕೊಡ್ಲಾ? ಊಟ ಬರ್ತಾ ಇದೆ" ಅಂದಳು. ಅವರು ಲೋಟ ಸರಿಸಿದರು ಅಷ್ಟೇ, ಗಲಾಟೆ ಮಾಡಲಿಲ್ಲ. ಗಲಾಟೆ ಆಗಿದ್ದು ಹೊರಗೆ, ಕಾರು ನಿಲ್ಲಿಸುವ ಜಾಗದಲ್ಲಿ. ಬೇರೆ ಯಾರದೋ ಕಾರು ಅಡ್ಡ ಇತ್ತು, ಮಾತಿಗೆ ಮಾತು ಬೆಳೆಯಿತು, ಇವರು ತಳ್ಳಿದರು. ಆತ ಬಿದ್ದು ಮಣಿಕಟ್ಟು ಮುರಿದುಕೊಂಡ.

ಕೆಲವು ವಾರದ ನಂತರ ಒಬ್ಬ ಲಾಯರಿಂದ ಪತ್ರ ಬಂತು. ತಳ್ಳಿದವರಿಗೂ, ನಮಗೂ, ಕಟ್ಟಡದ ಮಾಲೀಕರಿಗೂ. ಶೆಟ್ರು ಆ ಲಾಯರಿಗೆ ಫೋನ್ ಮಾಡಿ "ನಮ್ಮ ಹುಡುಗಿ ಕೊಡ್ಲೇ ಇಲ್ಲ" ಅಂತ ಹೇಳಲು ಹೊರಟಿದ್ದರು. ಏಜೆಂಟ್ ತಡೆದ. ಯಾರಿಗೂ ಏನೂ ಹೇಳಬೇಡಿ, ಪತ್ರ ಇವತ್ತೇ ಕಂಪನಿಗೆ ಕಳಿಸಿ ಅಂದ. ತಡ ಮಾಡಿದರೆ ಅದನ್ನೇ ನೆಪ ಮಾಡಿ ಜಾರಿಕೊಳ್ಳುವ ಅವಕಾಶ ಪಾಲಿಸಿಯಲ್ಲಿರುತ್ತದೆ.

ಕಂಪನಿಯ ಕಡೆಯಿಂದ ಕ್ಲೇಮ್ ವಿಚಾರಿಸುವ ಅಡ್ಜಸ್ಟರ್ ಬಂದಳು. ಸಮಾಧಾನದ ಹೆಂಗಸು, ಟೀ ಬೇಡ ಅಂದಳು, ನೀರು ದೋಸೆಗೆ ಮಾತ್ರ ಇಲ್ಲ ಅನ್ನಲಿಲ್ಲ. ಅವಳು ಕೇಳಿದ್ದು: ಆ ಟೇಬಲಿನ ಬಿಲ್ಲು, ಒಂದೊಂದು ಬಿಯರ್ ಯಾವ ಹೊತ್ತಿಗೆ ಹೋಯಿತು ಅನ್ನುವ ಪಿಒಎಸ್ (ಬಿಲ್ಲಿಂಗ್ ಯಂತ್ರದ) ದಾಖಲೆ, ಕ್ಯಾಮೆರಾದ ರೆಕಾರ್ಡಿಂಗ್, ಹುಡುಗಿಯ ಬ್ಯಾಸೆಟ್ ಕಾರ್ಡು, ಆ ರಾತ್ರಿ ಏನಾದರೂ ಬರೆದಿಟ್ಟಿದ್ದೀರಾ ಅಂತ. ಗಲ್ಲಾದ ಹತ್ತಿರ ಒಂದು ನೋಟ್‌ಬುಕ್ ಇತ್ತು. ಹುಡುಗಿ ಮನೆಗೆ ಹೋಗುವ ಮುಂಚೆ ಅದರಲ್ಲಿ ನಾಲ್ಕು ಸಾಲು ಬರೆದಿದ್ದಳು: ಟೇಬಲ್ ಆರು, ಮೂರು ಬಿಯರ್, ನಾಲ್ಕನೆಯದು ಕೊಡಲಿಲ್ಲ, ನೀರು ಕೊಟ್ಟೆ. ಅಡ್ಜಸ್ಟರ್ ಆ ಪುಟದ ಫೋಟೋ ತೆಗೆದುಕೊಂಡು, "ಇದು ಕಾನೂನಿನ ಹೊಣೆಯಿಂದ ನಿಮ್ಮನ್ನು ಬಿಡಿಸುವುದಿಲ್ಲ. ಆದರೆ ಚೌಕಾಸಿಗೆ ಕೂತಾಗ ನನಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ" ಅಂದಳು.

ಈ ಕಾನೂನಿನಡಿ ಕೇಸು ಹಾಕಲು ಸಿಗುವುದು ಒಂದೇ ವರ್ಷ. ಅಷ್ಟರೊಳಗೆ, ಕೋರ್ಟಿಗೆ ಹೋಗುವ ಮುಂಚೆಯೇ, ಕಂಪನಿ ಮಾತಾಡಿ ಮುಗಿಸಿತು. ನಮ್ಮ ಕೈಯಿಂದ ಹೋಗಿದ್ದು ಪಾಲಿಸಿಯಲ್ಲಿ ಒಪ್ಪಿಕೊಂಡ ಡಿಡಕ್ಟಿಬಲ್, ಅಂದರೆ ಮೊದಲು ನಾವೇ ಕೊಡಬೇಕಾದ ಪಾಲು ಮಾತ್ರ. ಉಳಿದದ್ದು ಬಂದಿದ್ದು ಆ ಒಂದು ಲಕ್ಷದ ಒಳಮಿತಿಯಿಂದ, ಶೆಟ್ರಿಗೆ ಮುಖ ಊದಿಸಿದ ಅದೇ ಹಾಳೆಯಿಂದ. ಅವರು ಅದನ್ನು ಬಾಯಿ ಬಿಟ್ಟು ಒಪ್ಪಲಿಲ್ಲ. ಆದರೆ ನವೀಕರಣದ ಹೊತ್ತಿಗೆ "ಆ ಹೊಡೆದಾಟದ್ದನ್ನ ಜಾಸ್ತಿ ಮಾಡ್ಲಿಕ್ಕೆ ಆಗ್ತದಾ ಕೇಳಿ" ಅಂತ ಅವರೇ ಹೇಳಿದರು. ಆಗುತ್ತದೆ ಅಂದರು, ದುಡ್ಡು ಕೊಟ್ಟರೆ. ಐದು ವರ್ಷದ ಲಾಸ್ ರನ್ನಿನಲ್ಲಿ, ಅಂದರೆ ಹಳೆಯ ಕ್ಲೇಮ್‌ಗಳ ಪಟ್ಟಿಯಲ್ಲಿ, ಈ ಕ್ಲೇಮ್ ಕಾಣುತ್ತಲೇ ಇರುತ್ತದೆ, ಹಾಗಾಗಿ ಪ್ರೀಮಿಯಂ ಏರಿದೆ.

ಏರಲು ಇನ್ನೊಂದು ಕಾರಣ ಆಡಿಟ್. ಈ ಪಾಲಿಸಿಯ ದರ ಪ್ರತಿ ಸಾವಿರ ಡಾಲರ್ ಮದ್ಯದ ವ್ಯಾಪಾರಕ್ಕೆ ಇಷ್ಟು ಅಂತ. ಶುರುವಿನಲ್ಲಿ ನಾವು ಕೊಟ್ಟದ್ದು ಅಂದಾಜು. ವರ್ಷದ ಕೊನೆಗೆ ಆಡಿಟರ್ ಸೇಲ್ಸ್ ಟ್ಯಾಕ್ಸ್ ರಿಟರ್ನ್, ಪಿಒಎಸ್ ವರದಿ ತರಿಸಿ ನಿಜವಾದ ವ್ಯಾಪಾರ ನೋಡುತ್ತಾರೆ. ಬಿಯರ್ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹೋಗಿತ್ತು, ಬಾಕಿ ಪ್ರೀಮಿಯಂ ಕಟ್ಟಿದೆವು. ಹೊಸದಾಗಿ ಶುರು ಮಾಡುವವರಿಗೆ ಇಷ್ಟು ಹೇಳುತ್ತೇನೆ: ಘೀ ರೋಸ್ಟ್ ಜೊತೆ ಬಿಯರ್ ಸೇರಿಸಿ ಕಾಂಬೋ ಮಾರುವುದಿದ್ದರೆ ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೋರಿಸಿ. ಇಲ್ಲದಿದ್ದರೆ ಆಡಿಟರ್ ಪೂರ್ತಿ ಕಾಂಬೋವನ್ನೇ ಮದ್ಯದ ಲೆಕ್ಕಕ್ಕೆ ಹಾಕಬಹುದು, ಆಗ ಕೋಳಿಗೂ ಮದ್ಯದ ವಿಮೆ ಕಟ್ಟಬೇಕಾದೀತು.

ಮೊನ್ನೆ ಕನ್ನಡದ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಮಗಳ ಮದುವೆ ರಿಸೆಪ್ಶನ್ನು, ಒಂದು ಬಾಡಿಗೆ ಹಾಲಿನಲ್ಲಿ. "ಊಟ ನಿಮ್ದೇ, ಹಾಗೇ ಒಂದು ಬಾರ್ ಕೂಡ ನೋಡ್ಕೊಳ್ಳಿ, ನಿಮ್ ಹತ್ರ ಲೈಸೆನ್ಸ್ ಇದೆಯಲ್ಲ" ಅಂದರು. ನಮ್ಮ ಲೈಸೆನ್ಸ್ ಇರುವುದು ನಮ್ಮ ಜಾಗಕ್ಕೆ, ನಮ್ಮ ಪಾಲಿಸಿ ಇರುವುದೂ ಅದೇ ಜಾಗಕ್ಕೆ. ಹೊರಗೆ ಹೋಗಿ ಮದ್ಯ ಬಡಿಸಲು ಬೇರೆ ಲೈಸೆನ್ಸ್, ಬೇರೆ ವಿಮೆ. ಅದನ್ನೆಲ್ಲ ಇಟ್ಟುಕೊಂಡ ಬಾರ್ ಕೇಟರಿಂಗಿನವರು ಇರುತ್ತಾರೆ, ಅವರನ್ನು ಕೇಳಿ, ಹಾಲ್ ಮಾಲೀಕರ ಹೆಸರು ಸೇರಿಸಿದ ಸರ್ಟಿಫಿಕೇಟ್ ಮುಂಚೆಯೇ ತರಿಸಿಕೊಳ್ಳಿ ಅಂದೆ. ಅವರಿಗೆ ಸ್ವಲ್ಪ ಬೇಸರ ಆಯಿತು. ಊಟದ ಆರ್ಡರ್ ಮಾತ್ರ ನಮಗೇ ಕೊಟ್ಟರು. ಕೋರಿ ರೊಟ್ಟಿ ಇನ್ನೂರು ಪ್ಲೇಟ್, ಸಸ್ಯಾಹಾರಿಗಳಿಗೆ ಬೇರೆ.